ಪಕ್ಕದ ಮನೆಯ ಬಾಗಿಲು ಎಲ್ಲಿ?

"ಹಳೇ ಬೀದಿಯಲ್ಲಿ ಏಳಲಿರುವ ಐಷಾರಾಮಿ ಅಪಾರ್ಟ್‌ಮೆಂಟಿನ ತ್ರೀಡಿ ಚಿತ್ರ ಚೆನ್ನಾಗಿದ್ದರೆ ನಿಮಗೇನು ಕಷ್ಟ? ಇನ್ನೂ ಕಟ್ಟದ ಮನೆಯನ್ನು ಜನ ಏನು ನೋಡಿ ಕೊಳ್ಳಬೇಕು?" ಎಂದು ಕೇಳಿದ್ದೀರಿ. ಇಂಥ ಚಿತ್ರ ಮಾಡುವುದೇ ನಿಮ್ಮ ಕೆಲಸ ಎಂದೂ ಬರೆದಿದ್ದೀರಿ. ಪತ್ರ ಖಾರವಾಗಿದೆ. ನನಗೆ ಇಷ್ಟವಾಯಿತು.

ಒಪ್ಪಿದೆ, ನಕ್ಷೆ ಓದಲು ಎಲ್ಲರಿಗೂ ಬರುವುದಿಲ್ಲ. ಚಿತ್ರ ಬೇಕು.

ಆದರೆ ನೀವು ಕಳಿಸಿದ ರೆಂಡರನ್ನೇ, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಆ ಚಿತ್ರವನ್ನೇ ನೋಡಿ. ಮುಸ್ಸಂಜೆ. ಎಲ್ಲ ಕಿಟಕಿಯಲ್ಲೂ ದೀಪ. ಇನ್ನೂ ನೆಡದ ಗಿಡಗಳು ಆಗಲೇ ದೊಡ್ಡ ಮರಗಳಾಗಿವೆ. ಬಾಲ್ಕನಿಯ ಕುಂಡದಲ್ಲಿ ಎಲೆ ಎಣಿಸಬಹುದು. ಎಡಕ್ಕಿರುವ ಹಳೆಯ ಕಲ್ಲುಮನೆ ಮಾತ್ರ ಬರೀ ಬಿಳಿ ಡಬ್ಬ. ತಲೆಮಾರುಗಳಿಂದ ನಿಂತಿರುವ ಮನೆಗೆ ಒಂದು ಬಾಗಿಲು ಕೂಡ ಬೇಡವೇ? ಇಷ್ಟು ಒಳ್ಳೆಯ ಕಣ್ಣಿರುವ ನೀವು ಹೀಗೆ ಮಾಡಬಾರದಿತ್ತು.

ಇದು ಕಂಪ್ಯೂಟರ್ ತಂದ ಚಟ ಅಲ್ಲ. ಇಂಗ್ಲೆಂಡಿನಲ್ಲಿ ತೋಟಗಳನ್ನು ವಿನ್ಯಾಸ ಮಾಡುತ್ತಿದ್ದ ಹಂಫ್ರಿ ರೆಪ್ಟನ್ (1752–1818) ಗಿರಾಕಿಗಳಿಗೆ ಜಲವರ್ಣದ ಚಿತ್ರ ತೋರಿಸುತ್ತಿದ್ದ. ಚಿತ್ರದ ಮೇಲೊಂದು ಕಾಗದದ ತುಂಡು. ಮುಚ್ಚಿದ್ದರೆ ಈಗಿರುವ ನೋಟ, ಎತ್ತಿದರೆ ಮುಂದಿನ ನೋಟ. ತನ್ನ ಸ್ವಂತ ಮನೆಗೂ ಹೀಗೇ ಮಾಡಿದ. ಮೊದಲ ನೋಟದಲ್ಲಿ ಎದುರಿಗೆ ಮಾಂಸದಂಗಡಿ, ಬೇಲಿಯ ಹತ್ತಿರ ಒಬ್ಬ ಭಿಕ್ಷುಕ. ಕಾಗದ ಎತ್ತಿದರೆ ಹೂವು, ಗಿಡ. ಅಂಗಡಿ ಮರೆಯಾಗಿದೆ, ಭಿಕ್ಷುಕನೂ ಇಲ್ಲ. ಆದರೂ ಏನನ್ನು ಮರೆಮಾಡಿದ ಎಂದು ನೋಡುವವರಿಗೆ ಗೊತ್ತಾಗುತ್ತಿತ್ತು, ಅಲ್ವಾ? ನಿಮ್ಮ ಚಿತ್ರದಲ್ಲಿ ಎತ್ತಿ ನೋಡಲು ಆ ಕಾಗದವೇ ಇಲ್ಲ.

ಲೆನ್ಸಿನ ಆಟ ಬೇರೆ. ಕಂಪ್ಯೂಟರಿನ ಚಿತ್ರಕ್ಕೂ ಕ್ಯಾಮೆರಾದಂತೆ ಲೆನ್ಸ್ ಆರಿಸಬಹುದು. 35 ಎಂಎಂ ಫಿಲ್ಮಿನ ಲೆಕ್ಕದಲ್ಲಿ 50 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತದೆ. 24 ಎಂಎಂ ಇಟ್ಟರೆ ಸುಮಾರು 74. ಇಕ್ಕಟ್ಟಿನ ಓಣಿ ಅಗಲ ರಸ್ತೆಯಾಗುವುದು ಹೀಗೆ.

ಇದಕ್ಕಿಂತ ಜಾಸ್ತಿ ಸಿಟ್ಟು ನನಗೆ ನಮ್ಮ ಪತ್ರಿಕೆಗಳ ಮೇಲಿದೆ. ಬಿಲ್ಡರ್ ಕಳಿಸಿದ ಚಿತ್ರ ಸುದ್ದಿಯ ಜೊತೆ ಫೋಟೋ ಥರ ಅಚ್ಚಾಗುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ್ದು ಎಂಬ ಒಂದು ಸಾಲೂ ಇರುವುದಿಲ್ಲ. ಅದನ್ನು ನಂಬಿ ಓಣಿಯ ಜನ ಆಕ್ಷೇಪಣೆ ಹೇಳದೆ ಸುಮ್ನೆ ಇದ್ದುಬಿಡುತ್ತಾರೆ. ಅಂಗಳಕ್ಕೆ ಎಷ್ಟು ಹೊತ್ತು ನೆರಳು ಬೀಳುತ್ತದೆ ಎಂದು ತಿಳಿಯುವುದು ಕಟ್ಟಡ ಎದ್ದ ಮೇಲೆ.

ಒಂದು ಕೋರಿಕೆ. ಅದೇ ಕಟ್ಟಡವನ್ನು ಎದುರುಮನೆಯ ಹೊಸ್ತಿಲಿಂದ, ನಿಂತವರ ಕಣ್ಣಿನ ಎತ್ತರದಲ್ಲಿ, ಹಗಲು ಬೆಳಕಿನಲ್ಲಿ ಮಾಡಿ ಕಳಿಸಿ. ಕಲ್ಲುಮನೆಗೆ ಅದರ ಬಾಗಿಲು ಇರಲಿ. ಎರಡೂ ಚಿತ್ರಗಳನ್ನು ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕ ಹಾಕುತ್ತೇವೆ.