ಮೂಲಮನೆಯಿಂದ ಹಿಂದಿನ ತಲೆಮಾರಿಗೆ

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ಹಳೆಯ ಮೂಲಮನೆ, ತೋಟ ಇವೆ. ಮುತ್ತಜ್ಜನ ಹೆಸರಷ್ಟೇ ಗೊತ್ತು. ಅದಕ್ಕೂ ಹಿಂದಿನವರನ್ನು ಹುಡುಕುವುದು ಹೇಗೆ?

ಉತ್ತರ: ತೋಟದ ಸರ್ವೆ ನಂಬರು ಹಿಡಿದು ಹೊರಡಿ. ಇಂದಿನ ಪಹಣಿಯಿಂದ ಅದನ್ನು ಬರೆದುಕೊಂಡು, ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಹಕ್ಕುಪತ್ರಕ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ನಕಲುಗಳಿಗೆ ಅರ್ಜಿ ಕೊಡಿ. ಹೆಸರಿನ ಪಕ್ಕದ ಮ್ಯುಟೇಶನ್ ನಂಬರು ಹಿಡಿದು ಒಂದೊಂದೇ ಹಿಂದಕ್ಕೆ ಸರಿಯಬೇಕು. ವಾರಸಾ ನೋಂದಣಿಯಲ್ಲಿ ತೀರಿಕೊಂಡವರ ಜತೆ ಮಕ್ಕಳ ಹೆಸರೂ ಸಿಗುತ್ತದೆ. 'ಕೋಂ' ಎಂದಿದ್ದರೆ ಮುಂದಿನದು ಗಂಡನ ಹೆಸರು.

ಹೆಚ್ಚಿನವರು ಎಡವುವುದು ಹೆಸರಿನಲ್ಲೇ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ 'ಗಣಪತಿ ಸುಬ್ರಾಯ' ಮತ್ತೆ ಮತ್ತೆ ಬರುತ್ತಾನೆ. ಇಸವಿ ನೋಡದೆ ಇಬ್ಬರನ್ನು ಒಬ್ಬನೆಂದು ಬರೆದರೆ ಎರಡು ತಲೆಮಾರು ಮಾಯ. ನೋಂದಣಿಯ ದಿನಾಂಕ ಸಾವಿನ ದಿನವಲ್ಲ, ವಾರಸಾ ವರ್ಷಗಟ್ಟಲೆ ತಡವಾದದ್ದುಂಟು. ಕೂಡುಕುಟುಂಬದಲ್ಲಿ ಹಿರಿಯನ ಹೆಸರು ಮಾತ್ರ ದಾಖಲಾಗಿರಬಹುದು. ತಮ್ಮಂದಿರನ್ನು ಹಿಸ್ಸೆ ಪತ್ರದಲ್ಲಿ ಹುಡುಕಿ. ಹಿರಿಯರು ಗೇಣಿದಾರರಾಗಿದ್ದರೆ ಗೇಣಿ ಭೂಮಿಯ ಹಕ್ಕು ಕೋರಿ ಭೂನ್ಯಾಯಮಂಡಳಿಗೆ ಕೊಟ್ಟ 7ನೇ ನಮೂನೆಯ ಅರ್ಜಿ ನೋಡಿ.

ಹೆಂಗಸರ ಹೆಸರಿಗೆ ಪುರೋಹಿತರನ್ನೇ ಕೇಳಿ. ಶ್ರಾದ್ಧದಲ್ಲಿ ತಂದೆಯ ಕಡೆ ಮೂರು ತಲೆಮಾರಿನ ದಂಪತಿಗಳ, ತಾಯಿಯ ಕಡೆಯವರ ಹೆಸರು ಹೇಳುತ್ತಾರೆ. ತಿಥಿ ಸಿಗುತ್ತದೆ, ಇಸವಿ ಸಿಗದು.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹಾಗಾಗಿ ಅಟ್ಟದ ಪೆಟ್ಟಿಗೆಯ ಕಾಗದಗಳಲ್ಲಿ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಕಂಡರೆ ಎಸೆಯಬೇಡಿ, ದಯವಿಟ್ಟು ಬಲ್ಲವರಿಗೆ ತೋರಿಸಿ. ಒಣಗಿದ ತಾಳೆಗರಿಯನ್ನು ಬಲವಂತವಾಗಿ ಬಿಡಿಸಿದರೆ ಮುರಿಯುತ್ತದೆ. ಇದ್ದಂತೆಯೇ ಮೊದಲು ಫೋಟೋ ತೆಗೆಯಿರಿ.