ಏನು ಎಂದು ಹೇಳಲಿ, ಯಾವಾಗ ಎಂದು ಹೇಳದಿರಲಿ

ಹಾರರ್ ಸಿನಿಮಾಕ್ಕೆ ಟಿಕೆಟ್ ಕಾದಿರಿಸಿದ ಮೇಲೆ ಗೆಳೆಯನೊಬ್ಬ ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳಿಬಿಟ್ಟ, ಇನ್ನು ಹೋಗಿ ಪ್ರಯೋಜನವಿದೆಯೇ, ಅಷ್ಟಕ್ಕೂ ಇಂಥ ಸಿನಿಮಾಗಳಲ್ಲಿ ನಮ್ಮನ್ನು ಹೆದರಿಸುವುದು ಯಾವುದು ಎಂದು ಕೇಳಿದ್ದೀರಿ. ಹೋಗಿ ಬನ್ನಿ. ದುಡ್ಡು ದಂಡವಾಗುವುದಿಲ್ಲ. ಆ ಗೆಳೆಯನನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಯಾಕೆಂದು ಆಮೇಲೆ ಹೇಳುತ್ತೇನೆ.

ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು, ಈಗ ಶಿವಮೊಗ್ಗದಲ್ಲಿದ್ದೇನೆ. ನಾನು ಮೊದಲು ಹೆದರಿದ್ದು ಸಿನಿಮಾ ನೋಡಿ ಅಲ್ಲ, ಯಕ್ಷಗಾನ ಬಯಲಾಟ ನೋಡಿ. ಕೊಯ್ಲು ಮುಗಿದ ಗದ್ದೆಗೆ ಮೇಳ ಬಂದಿಳಿದರೆ ಹುಡುಗರೆಲ್ಲ ಆಟ ಶುರುವಾಗುವ ಮೊದಲೇ ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ನುಗ್ಗುತ್ತಿದ್ದೆವು. ಅಲ್ಲಿ ರಾಕ್ಷಸನ ಪಾತ್ರ ಮಾಡುವ ಬಣ್ಣದ ವೇಷದವರು ಕನ್ನಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅರೆದ ಅಕ್ಕಿಯ ಚಿಟ್ಟಿಯನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಒಂದೊಂದೇ ಚುಕ್ಕಿಯಾಗಿ ಇಡುತ್ತಿದ್ದರು. ಗಂಟೆಗಟ್ಟಲೆ ಹಿಡಿಯುವ ಕೆಲಸ. ನಡುವೆ ಚಹಾ ಬಂದರೆ ಬಣ್ಣ ಬಿರಿಯದಂತೆ ತುಟಿಯನ್ನಷ್ಟೇ ಚೂಪು ಮಾಡಿ ಹೀರುತ್ತಿದ್ದರು. ಒಮ್ಮೆ ಅವರಲ್ಲೊಬ್ಬರು ಮುಖ ಅಲುಗಾಡಿಸದೆ, ಕಣ್ಣು ಮಾತ್ರ ನನ್ನತ್ತ ಹೊರಳಿಸಿ, “ಮಾಣಿ, ಆ ಬೀಸಣಿಗೆ ಇತ್ತ ಕೊಡು” ಎಂದರು. ಕೊಟ್ಟೆ.

ರಾಕ್ಷಸ ಯಾರು, ಅವನ ಕೋರೆಹಲ್ಲು ಯಾವ ಡಬ್ಬಿಯಲ್ಲಿದೆ, ಬೆಳಗಿನ ಜಾವಕ್ಕೆ ಅವನನ್ನು ಕೊಲ್ಲುವವರು ಯಾರು, ಎಲ್ಲವೂ ನನಗೆ ಗೊತ್ತಿತ್ತು. ಇದಕ್ಕಿಂತ ದೊಡ್ಡ ಸ್ಪಾಯ್ಲರ್ ಇರಲು ಸಾಧ್ಯವೇ? ಆದರೂ ನಡುರಾತ್ರಿ ದಾಟಿದ ಮೇಲೆ ಇಬ್ಬರು ತೆರೆ ಹಿಡಿದು ನಿಂತರೆಂದರೆ ನನ್ನ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ಚೆಂಡೆ ಏರುತ್ತದೆ, ಸಟ್ಟನೆ ನಿಲ್ಲುತ್ತದೆ. ಒಳಗಿನಿಂದ ಒಂದು ಆರ್ಭಟ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಎದ್ದು, ಮುಖ ಕಂಡಿತು ಎನ್ನುವಷ್ಟರಲ್ಲಿ ತೆರೆ ಮತ್ತೆ ಮೇಲೆ. ಹೀಗೆ ಎಷ್ಟೋ ಹೊತ್ತು ಆಡಿಸುತ್ತಾರೆ. ಬೀಸಣಿಗೆ ಕೊಟ್ಟ ಶೂರ ಆ ಹೊತ್ತಿಗೆ ಅಜ್ಜನ ಕಂಬಳಿಯೊಳಗೆ ಸೇರಿರುತ್ತಿದ್ದ. ತೆರೆ ಪೂರ್ತಿ ಸರಿದು ವೇಷ ಎದುರಿಗೇ ಕುಣಿಯತೊಡಗಿದ ಮೇಲೆ ಮಾತ್ರ ತಲೆ ಹೊರಗೆ ಹಾಕಿ ಕಡಲೆ ತಿನ್ನುತ್ತ ನೋಡುತ್ತಿದ್ದೆ. ಕಂಡ ರಾಕ್ಷಸನಿಗೆ ನಾನು ಹೆದರಿದ ನೆನಪೇ ಇಲ್ಲ.

ದೆವ್ವ ಹೇಗಿದೆ ಎನ್ನುವುದಕ್ಕಿಂತ ಅದನ್ನು ತೋರಿಸಲು ಎಷ್ಟು ಸತಾಯಿಸುತ್ತಾರೆ ಎನ್ನುವುದರಲ್ಲಿ ಹೆದರಿಕೆ ಇರುತ್ತದೆ. 1975ರ ‘ಜಾಸ್’ ಚಿತ್ರೀಕರಣದಲ್ಲಿ ಯಂತ್ರದ ಶಾರ್ಕ್ ಉಪ್ಪುನೀರಿಗೆ ಬಿದ್ದು ಮತ್ತೆ ಮತ್ತೆ ಕೆಟ್ಟು ಕೂತಿತು. ಬೇರೆ ದಾರಿಯಿಲ್ಲದೆ ಸ್ಪೀಲ್‌ಬರ್ಗ್ ನೀರಿನ ಮೇಲೊಂದು ರೆಕ್ಕೆ, ತೇಲುವ ಪೀಪಾಯಿ, ಎರಡು ಸ್ವರಗಳ ಸಂಗೀತ ಇಷ್ಟರಲ್ಲೇ ಸಂಭಾಳಿಸಬೇಕಾಯಿತು. ಶಾರ್ಕ್ ಸರಿಯಾಗಿ ಕಾಣಿಸುವ ಹೊತ್ತಿಗೆ ಒಂದು ಗಂಟೆಯ ಮೇಲಾಗಿರುತ್ತದೆ. ಅವರ ಪಾಲಿಗೆ ಸಮುದ್ರವೇ ತೆರೆಯಾಯಿತು. ಯಂತ್ರ ನೆಟ್ಟಗೆ ಕೆಲಸ ಮಾಡಿದ್ದರೆ ಆ ಚಿತ್ರ ಇಷ್ಟು ಹೆಸರು ಮಾಡುತ್ತಿರಲಿಲ್ಲ ಎಂದು ನನ್ನ ಅನುಮಾನ.

ಸದ್ದಿನ ಬಗ್ಗೆ ಒಂದು ಮಾತು. ಯಾವುದೇ ಹಾರರ್ ಸಿನಿಮಾವನ್ನು ಸದ್ದಡಗಿಸಿ ನೋಡಿ, ಅರ್ಧ ದೃಶ್ಯಗಳು ನಗು ತರಿಸುತ್ತವೆ. 1960ರ ‘ಸೈಕೋ’ದ ಸ್ನಾನದ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಮೊದಲು ಅದರ ನಿರ್ದೇಶಕ ಹಿಚ್‌ಕಾಕ್ ಅಂದುಕೊಂಡಿದ್ದರು. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಆ ಕಿರುಚುವ ಸಂಗೀತ ಮಾಡಿ ಕೇಳಿಸಿದ ಮೇಲೆ ಮನಸ್ಸು ಬದಲಿಸಿದರು. ಅಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್, ಇರಿತದ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚಾಕು ಹಾಕಿದ್ದು. ಇದೆಲ್ಲ ತಿಳಿದ ಮೇಲೂ ಆ ದೃಶ್ಯ ನನ್ನ ಬೆನ್ನು ಸೆಟೆಸುತ್ತದೆ. ಮನೆಯಲ್ಲಿ ಹುಳಿಗೆ ಮಗೇಕಾಯಿ ಹೆಚ್ಚುವಾಗ ಒಮ್ಮೊಮ್ಮೆ ಕಿವಿ ಅತ್ತ ಹೋಗುವುದೂ ಉಂಟು.

ಕೊನೆ ಗೊತ್ತಾದರೆ ರುಚಿ ಹೋಗುವುದಿಲ್ಲವೇ ಎಂಬ ನಿಮ್ಮ ಮುಖ್ಯ ಚಿಂತೆಗೆ ಬರುತ್ತೇನೆ. ನಾಲ್ಕು ಜನ ಮೇಜಿನ ಸುತ್ತ ಕೂತು ಹರಟುತ್ತಿದ್ದಾರೆ, ಕೆಳಗಿದ್ದ ಬಾಂಬು ಇದ್ದಕ್ಕಿದ್ದಂತೆ ಸಿಡಿಯಿತು ಎಂದಿಟ್ಟುಕೊಳ್ಳಿ. ಪ್ರೇಕ್ಷಕರಿಗೆ ಸಿಗುವುದು ಹದಿನೈದು ಸೆಕೆಂಡಿನ ಆಘಾತ. ಅಲ್ಲಿ ಬಾಂಬು ಇರುವುದನ್ನು ಮೊದಲೇ ತೋರಿಸಿ, ಗೋಡೆ ಗಡಿಯಾರವನ್ನೂ ತೋರಿಸಿದರೆ, ಅದೇ ಕಾಡುಹರಟೆ ಹದಿನೈದು ನಿಮಿಷ ಉಸಿರು ಹಿಡಿಸುತ್ತದೆ. ಈ ಲೆಕ್ಕ ನನ್ನದಲ್ಲ, ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ಮಾತುಕತೆಯಲ್ಲಿ ಹಿಚ್‌ಕಾಕ್ ಹೇಳಿದ್ದು. ಒಂದರ್ಥದಲ್ಲಿ ಅಲ್ಲಿ ನಿರ್ದೇಶಕರೇ ಸ್ಪಾಯ್ಲರ್ ಕೊಡುತ್ತಾರೆ.

ನನಗೆ ಇದು ಅನುಭವಕ್ಕೆ ಬಂದದ್ದು 2004ರಲ್ಲಿ, ಶಿವಮೊಗ್ಗದ ಚಿತ್ರಮಂದಿರವೊಂದರಲ್ಲಿ ‘ಆಪ್ತಮಿತ್ರ’ ನೋಡುವಾಗ. ಹಿಂದಿನ ದಿನವೇ ನೋಡಿ ಬಂದಿದ್ದ ಅತ್ತೆಯ ಮಗಳು ಅಡುಗೆಮನೆಯಲ್ಲಿ ನಿಂತು ಗುಟ್ಟು ಬಿಟ್ಟುಕೊಟ್ಟಿದ್ದಳು. ಒಂದು ದಿನವೆಲ್ಲ ಅವಳೊಂದಿಗೆ ಮಾತು ಬಿಟ್ಟೆ. (ಆ ಗುಟ್ಟನ್ನು ನಾನಿಲ್ಲಿ ಹೇಳುವುದಿಲ್ಲ. ಇಷ್ಟು ವರ್ಷವಾದರೂ ನೋಡದವರು ಒಬ್ಬರಾದರೂ ಉಳಿದಿದ್ದಾರು.) ಆದರೆ ಒಳಗೆ ಕೂತ ಮೇಲೆ ಆದದ್ದೇ ಬೇರೆ. ಸುತ್ತಲಿನವರೆಲ್ಲ ಬೀಗ ಹಾಕಿದ ಕೋಣೆಯನ್ನು ನೋಡಿ ಹೆದರುತ್ತಿದ್ದರೆ, ನಾನು ಮಧ್ಯಾಹ್ನದ ಬೆಳಕಿನಲ್ಲಿ, ಎಲ್ಲರೂ ನಗುತ್ತಿದ್ದ ದೃಶ್ಯಗಳಲ್ಲಿ ಹೆದರುತ್ತಿದ್ದೆ. ಯಾರನ್ನು ಗಮನಿಸಬೇಕು ಎಂದು ತಿಳಿದವನಿಗೆ ಆ ಚಿತ್ರದಲ್ಲಿ ಮೈಮರೆತು ಕೂರುವ ಗಳಿಗೆಯೇ ಇಲ್ಲ.

ಜೊತೆಗೆ ಇನ್ನೊಂದು ಸಂಗತಿ ಅಂದು ಇಡೀ ಚಿತ್ರಮಂದಿರಕ್ಕೆ ಗೊತ್ತಿತ್ತು. ನಾಯಕಿ ಸೌಂದರ್ಯ ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಚಿತ್ರ ತೆರೆಕಂಡದ್ದು ಆಗಸ್ಟ್‌ನಲ್ಲಿ. ಅವರು ಮೊದಲ ಸಲ ಪರದೆಯ ಮೇಲೆ ಬಂದಾಗ ಶಿಳ್ಳೆಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬರು ‘ಛೇ’ ಎಂದದ್ದು ಇನ್ನೂ ಕಿವಿಯಲ್ಲಿದೆ.

ಗುಟ್ಟು ಮೊದಲೇ ಗೊತ್ತಾಗುವುದನ್ನು ಎಲ್ಲ ಚಿತ್ರಗಳೂ ತಡೆದುಕೊಳ್ಳುತ್ತವೆ ಎಂದು ನಾನು ವಾದಿಸುವುದಿಲ್ಲ. ಬಾಂಬಿನ ಪಾಠ ಹೇಳಿದ ಹಿಚ್‌ಕಾಕ್ ಅವರೇ ‘ಸೈಕೋ’ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಕಟ್ಟುನಿಟ್ಟು ಮಾಡಿಸಿದ್ದರು. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನು ಓದಿಸಿ, ಕೊನೆ ಮೊದಲೇ ತಿಳಿದವರೇ ಒಟ್ಟಾರೆ ಹೆಚ್ಚು ಮೆಚ್ಚಿದರು ಎಂದು ಪ್ರಕಟಿಸಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗದಲ್ಲಿ ಇದರ ತದ್ವಿರುದ್ಧ ಫಲಿತಾಂಶ ಬಂತು. ಹಗಲು ಬೆಳಕಿನಲ್ಲಿ ಕಥೆ ಓದುವುದಕ್ಕೂ ಕತ್ತಲಲ್ಲಿ ನೂರಾರು ಜನರ ನಡುವೆ ಬೆಚ್ಚುವುದಕ್ಕೂ ಅಜಗಜಾಂತರವಿದೆ. ಈ ವಿಷಯದಲ್ಲಿ ನಾನು ನಂಬುವುದು ನಮ್ಮಜ್ಜಿಯನ್ನು.

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತು ಕೊಳ್ಳಿದೆವ್ವದ ಕಥೆ ಹೇಳುತ್ತಿದ್ದಳು. ಪ್ರತಿ ವರ್ಷ ಅದೇ ಕಥೆ. ತೋಟದಾಚೆ ಕೊಳ್ಳಿ ಕಾಣುತ್ತದೆ, ಸಂಕ ದಾಟುತ್ತದೆ, ಅಂಗಳಕ್ಕೆ ಬರುತ್ತದೆ, ಬಾಗಿಲು ಬಡಿಯುತ್ತದೆ. ಕಥೆಯುದ್ದಕ್ಕೂ ಅವಳ ಕೈ ಕಚಕ್ ಕಚಕ್ ಎಂದು ಸುಲಿಯುತ್ತಲೇ ಇರುತ್ತಿತ್ತು. ಬಾಗಿಲು ಬಡಿಯುವ ಮುಂಚೆ ಆ ಸದ್ದು ನಿಲ್ಲುತ್ತಿತ್ತು. ಆಗ ಹೊರಗಿನ ಜೀರುಂಡೆಯ ಸದ್ದು ಮಾತ್ರ. ನಾವು ಒಬ್ಬರ ತೊಡೆಯ ಮೇಲೊಬ್ಬರು.

ಒಂದು ರಾತ್ರಿ ಕತ್ತಿ ನಿಂತದ್ದೇ ತಡ, ಚಿಕ್ಕಪ್ಪನ ಮಗ “ಈಗ ಬಡಿಯುತ್ತದೆ ನೋಡಿ!” ಎಂದು ಕೂಗಿಬಿಟ್ಟ. ಕಥೆ ಪಿಸ್ಸೆಂದು ಗಾಳಿ ಬಿಟ್ಟಿತು. ಬಡಿಯುತ್ತದೆ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಕಾಯುವ ಕೆಲಸವನ್ನು ಅವನು ನಮ್ಮ ಕೈಯಿಂದ ಕಿತ್ತುಕೊಂಡಿದ್ದ. ಅಜ್ಜಿ ಬೈಯಲಿಲ್ಲ, ಸುಮ್ಮನೆ ಸುಲಿಯತೊಡಗಿದಳು.

ಮರುದಿನ ಮತ್ತೆ ಅದೇ ಕಥೆ. ಕೊಳ್ಳಿ ಅಂಗಳಕ್ಕೆ ಬಂತು, ಕತ್ತಿ ನಿಂತಿತು, ಇವನು “ಈಗ!” ಎಂದ. ಬಡಿಯಲಿಲ್ಲ. ದೆವ್ವ ಮನೆ ಬಳಸಿಕೊಂಡು ಕೊಟ್ಟಿಗೆಯ ಕಡೆ ಹೋಯಿತು ಎಂದಳು ಅಜ್ಜಿ. ಕತ್ತಿ ಮತ್ತೆ ಕಚಕ್ ಕಚಕ್. ಮಾತು ಅಡಿಕೆ ಧಾರಣೆಯತ್ತ ಹೊರಳಿತು, ಯಾರೋ ಆಕಳಿಸಿದರು. ಅವಳು ಎಡಗೈಯನ್ನು ಯಾವಾಗ ಹಿಂದಕ್ಕೆ ಚಾಚಿದಳೋ, ಚಿಕ್ಕಪ್ಪನ ಮಗನ ಬೆನ್ನ ಹಿಂದಿನ ಬಾಗಿಲ ಹಲಗೆಯ ಮೇಲೆ ಮೂರು ಸಲ ಟಕ್ ಟಕ್ ಟಕ್ ಎಂದಿತು. ಅವನು ಸುಲಿದಡಿಕೆಯ ಬುಟ್ಟಿಯನ್ನು ಮಗುಚಿಕೊಂಡು ಬಚ್ಚಲವರೆಗೂ ಓಡಿದ್ದ.

ಅಜ್ಜಿಯ ಹಾಗೆ ಜಾಗ ಬದಲಿಸಿ ಬಡಿಯಲು ಸಿನಿಮಾಕ್ಕೆ ಬರುವುದಿಲ್ಲ. ಆದ್ದರಿಂದ ಗೆಳೆಯ ಬಂದೇ ಬರುತ್ತೇನೆಂದು ಹಟ ಹಿಡಿದರೆ ಅವನ ಟಿಕೆಟ್ ನಾಲ್ಕು ಸಾಲು ಹಿಂದೆ ಇರಲಿ.