ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಸಹಿ ಕೇಳುವ ಮೊದಲು

ತಂದೆಯವರ ಆಸ್ತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟಿರುವುದಾಗಿ ಬರೆದುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ, ತಂಗಿಯ ಮನಸ್ಸು ನೋಯಿಸದೆ ಸಹಿ ಕೇಳುವುದು ಹೇಗೆಂದು ಕೇಳಿದ್ದೀರಿ. ಅವಳ ಮದುವೆಗೆ ತಂದೆಯವರು ಸಾಲ ಮಾಡಿದ್ದರೆಂಬುದನ್ನೂ ಬರೆದಿದ್ದೀರಿ. ನಮ್ಮ ತಂದೆ ತೀರಿಕೊಂಡ ವರ್ಷ ನಾನೂ ಇದೇ ಲೆಕ್ಕಾಚಾರದಲ್ಲಿದ್ದೆ.

ಮಂಡ್ಯ ಜಿಲ್ಲೆಯಲ್ಲಿ ನಮ್ಮದು ಪಿತ್ರಾರ್ಜಿತವಾಗಿ ಬಂದ ಗದ್ದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಾಗಿ ವಂಶವೃಕ್ಷ ಮಾಡಿಸಿದಾಗ ಅಮ್ಮನ ಮತ್ತು ನನ್ನ ಹೆಸರುಗಳ ಜೊತೆಗೆ ತಂಗಿಯ ಹೆಸರೂ ಬಂತು. ಪಹಣಿಯಲ್ಲಿ ನನ್ನದೊಂದೇ ಹೆಸರಿದ್ದರೆ ಬೆಳೆಸಾಲಕ್ಕೆ ಅನುಕೂಲವೆಂದುಕೊಂಡು, ಪತ್ರ ಬರಹಗಾರರಿಂದ ಹಕ್ಕು ಬಿಡುಗಡೆ ಪತ್ರವನ್ನು ಬರೆಸಿಟ್ಟುಕೊಂಡೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಅವಳ ಮನೆಗೆ ಹೋದ ದಿನವೇ ಅದನ್ನೂ ಅವಳ ಮುಂದಿಟ್ಟೆ.

ಕೇಳಿದ್ದು ಮೃದುವಾಗಿಯೇ. ಆದರೆ ಕಾಗದ ಮೊದಲೇ ಸಿದ್ಧವಾಗಿತ್ತು, ನೋಂದಣಿಗೆ ದಿನವೂ ಗೊತ್ತಾಗಿತ್ತು, ಅವಳು ಸ್ವಇಚ್ಛೆಯಿಂದ ಹಕ್ಕು ಬಿಡುತ್ತಿದ್ದಾಳೆಂದು ಅದರಲ್ಲಿ ಬರೆಸಿದ್ದವನು ನಾನು. ಅವಳ ಇಚ್ಛೆಯೇನೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಅವಳ ಗಂಡ ಮತ್ತು ಅತ್ತೆ ಎದುರಿಗೇ ಕುಳಿತಿದ್ದರು. ಒಪ್ಪದಿದ್ದರೆ ಗಂಡನ ಮನೆಯವರ ಮಾತು ಕೇಳಿ ಪಾಲಿಗೆ ಆಸೆಪಟ್ಟಳೆಂದು ನಮ್ಮ ಕಡೆಯವರು ಆಡಿಕೊಳ್ಳುತ್ತಿದ್ದರು. ಒಪ್ಪಿದರೆ ತವರಿನಲ್ಲಿ ತನಗೆ ಬೆಲೆಯಿಲ್ಲವೆಂಬುದನ್ನು ಅತ್ತೆಯ ಕಣ್ಣೆದುರಿಗೇ ಒಪ್ಪಿಕೊಂಡಂತಾಗುತ್ತಿತ್ತು. ಬಾಗಿನದ ಮೊರವನ್ನು ಇನ್ನೂ ಒಳಗೆ ತೆಗೆದುಕೊಂಡು ಹೋಗಿರಲಿಲ್ಲವಾದ್ದರಿಂದ, ವರ್ಷವರ್ಷವೂ ಪ್ರೀತಿಯಿಂದ ಕೊಡುತ್ತಿದ್ದ ಬಾಗಿನವೇ ಅಂದು ಸಹಿಗೆ ಕೊಟ್ಟ ಬೆಲೆಯಂತೆ ಅವಳಿಗೆ ಕಂಡಿತು. ಇದನ್ನು ಅವಳೇ ಎಷ್ಟೋ ಕಾಲದ ಮೇಲೆ ನನಗೆ ಹೇಳಿದಳು. ಅಂದು ಮಾತ್ರ ಏನೂ ಅನ್ನದೆ ಕಾಗದವನ್ನು ಹಿಂದಿರುಗಿಸಿದಳು. ಆಮೇಲೆ ಬಂದದ್ದು ವಕೀಲರ ನೋಟೀಸು, ಅದರ ಹಿಂದೆಯೇ ವಿಭಾಗದ ದಾವೆ.

ದಾವೆ ರಾಜಿಯಲ್ಲಿ ಮುಗಿದು ಅವಳ ಪಾಲು ಅವಳಿಗೆ ಹೋಯಿತು. ಅದಕ್ಕೆ ನನಗೆ ಬೇಸರವಿಲ್ಲ, ಅದು ಅವಳದೇ. ಆದರೆ ಅಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿದ್ದಾಗ ಅಣ್ಣತಂಗಿಯರಿಬ್ಬರೂ ಒಬ್ಬರಿಗೊಬ್ಬರು ಎದುರಾಗದಂತೆ ಹೊತ್ತು ನೋಡಿಕೊಂಡು ಬಂದು ಹೋಗುತ್ತಿದ್ದೆವು. ಅದನ್ನು ಯಾವ ರಾಜಿಯೂ ಸರಿಮಾಡಲಾರದು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಹಿ ಬೇಕೆಂದು ತೀರ್ಮಾನಿಸಿಕೊಂಡು ಹೊರಟವರಿಗೆ ಒಳ್ಳೆಯ ಮಾತುಗಳನ್ನು ಹೇಳಿಕೊಡುವುದರಿಂದ ಏನೂ ಆಗದು. ಮದುವೆಯ ಖರ್ಚಿನಿಂದ ನಿಮ್ಮ ತಂಗಿಯ ಹಕ್ಕು ತೀರುವುದೂ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ 1994ರ ತಿದ್ದುಪಡಿ ಆಗ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿ ಮಗಳಿಗೆ ಮಗನ ಸಮಾನ ಹಕ್ಕು ನೀಡಿತು. ಆ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನಿಮ್ಮಲ್ಲಿ ನೋಂದಾಯಿತ ವಿಭಾಗವಾಗಿದ್ದರೆ ಮಾತು ಬೇರೆ. ತಂದೆಯವರ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೆ ಅಲ್ಲಿಯೂ ಅವಳದು ಸಮಪಾಲೇ.

ಇದನ್ನೆಲ್ಲ ಅವಳಿಗೆ ನೀವೇ ಹೇಳಬೇಕು, ವಕೀಲರು ಹೇಳುವ ಮೊದಲೇ ಹೇಳಬೇಕು. ಹಬ್ಬದ ದಿನ ಬೇಡ, ಬೀಗರ ಮುಂದೆ ಬೇಡ, ಕೈಯಲ್ಲಿ ಕಾಗದವಂತೂ ಬೇಡವೇ ಬೇಡ. "ಇದರಲ್ಲಿ ನಿನ್ನ ಪಾಲು ಇಷ್ಟಿದೆ, ಏನು ಮಾಡೋಣ ಹೇಳಮ್ಮ" ಎಂದು ಕೇಳಿ, ಉತ್ತರಕ್ಕೆ ಅವಸರಪಡಿಸದೆ ಬನ್ನಿ. ಅವಳು ಪಾಲು ಕೇಳಿದರೆ ವಿಭಾಗ ಪತ್ರವನ್ನು ನೋಂದಾಯಿಸಿ. ಜಮೀನು ನಿಮಗೇ ಬೇಕಿದ್ದು ಅವಳೂ ಒಪ್ಪಿದರೆ, ಇಂದಿನ ಬೆಲೆ ಕಟ್ಟಿ ಹಣವನ್ನು ಅವಳ ಬ್ಯಾಂಕ್ ಖಾತೆಗೇ ಹಾಕಿ, ಆ ಮೊತ್ತವನ್ನು ಪತ್ರದಲ್ಲಿ ನಮೂದಿಸಿ. ಏನೂ ಬೇಡವೆಂದಳೆನ್ನಿ, ಆಗಲೂ ಕೆಲವು ತಿಂಗಳು ಬಿಟ್ಟು, ಅವಳೊಬ್ಬಳೇ ಇರುವಾಗ ಇನ್ನೊಮ್ಮೆ ಕೇಳಿ, ಅನಂತರವೇ ಪತ್ರ ಬರೆಸಿ.